ಜೋಳಿಗೆಯ ಮರುದಿನ

(ವ್ಯಸನಮುಕ್ತ ದಿನಾಚರಣೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ಸರ್ಕಾರಿ ನೌಕರಿಯಲ್ಲಿ ಕಾಲುವೆ ಕೆಲಸ ಮಾಡಿಸಿ ನಿವೃತ್ತನಾದ ಇಂಜಿನಿಯರು. ಪ್ರವಚನ ಹೇಳುವ ಯೋಗ್ಯತೆ ನನಗಿಲ್ಲ. ಬೀಡಿ, ಸಿಗರೇಟು ಬಿಡಿಸುವ ಕೆಲಸದಲ್ಲಿ ನಮ್ಮ ಕೈಯಲ್ಲಿರುವ ಮೊಬೈಲು ಎಷ್ಟು ನೆರವಾಗಬಲ್ಲದು ಎಂಬಷ್ಟನ್ನೇ ನಿಮ್ಮ ಮುಂದಿಡುತ್ತೇನೆ.

ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ಅದು ನಮ್ಮ ನಾಡಿಗೆ ಬಂದದ್ದು ಬಸವಣ್ಣನವರ ಕಾಲದ ಎಷ್ಟೋ ಶತಮಾನಗಳ ನಂತರ. ಆದ್ದರಿಂದ ಬೀಡಿಯ ವಿರುದ್ಧ ವಚನ ಹುಡುಕುವ ಅಗತ್ಯವಿಲ್ಲ. ದೇಹವನ್ನೇ ಗುಡಿಯೆಂದು ಕಂಡ ಧರ್ಮದವರಿಗೆ, ಆ ಗುಡಿಯಲ್ಲಿ ಹೊಗೆ ತುಂಬಬಾರದೆಂದು ಬೇರೆ ಹೇಳಬೇಕೆ?

ಈ ಕೆಲಸದಲ್ಲಿ ನಮಗೆ ದಾರಿ ತೋರಿದವರು ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು. 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ದವಸ ಬೇಡಲಿಲ್ಲ, ಹಣ ಬೇಡಲಿಲ್ಲ. ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನೇ ನಮ್ಮ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ನನ್ನ ಚಿಂತೆ ಜೋಳಿಗೆಯ ಮರುದಿನದ್ದು. ನಮ್ಮ ಕಾಲುವೆ ಕೆಲಸದಲ್ಲಿ ಒಬ್ಬ ಮೇಸ್ತ್ರಿ ಇದ್ದ. ಗುರುಗಳ ಮುಂದೆ ಬೀಡಿಯ ಕಟ್ಟು ಜೋಳಿಗೆಗೆ ಹಾಕಿ ಬಂದ. ಹತ್ತು ದಿನ ಮುಟ್ಟಲಿಲ್ಲ. ಹನ್ನೊಂದನೆಯ ದಿನ ಕಾಂಕ್ರೀಟು ಹಾಕುವ ಗಡಿಬಿಡಿಯಲ್ಲಿ ಯಾರೋ ಕೊಟ್ಟ ಬೀಡಿ ಹಚ್ಚಿದ. ಆಮೇಲೆ ಅವನು ಮಠದ ಬೀದಿಯಲ್ಲೇ ಓಡಾಡುವುದನ್ನು ಬಿಟ್ಟ. ಯಾರೂ ಬೈದಿರಲಿಲ್ಲ. ಗುರುವಿಗೆ ಕೊಟ್ಟ ಮಾತು ಮುರಿದೆನಲ್ಲ ಎಂಬ ನಾಚಿಕೆ ಅಷ್ಟೇ. ಒಂದು ಬೀಡಿ ಬಿಡಲಾಗದವನು ಮಠವನ್ನೇ ಬಿಟ್ಟ.

ಕಾಲುವೆ ಒಡೆದರೆ ನಾವು ಕಾಲುವೆಯನ್ನೇ ಮುಚ್ಚುವುದಿಲ್ಲ. ಒಡೆದದ್ದು ಎಲ್ಲಿ, ಏಕೆ ಎಂದು ನೋಡಿ ಅಲ್ಲಿ ಗಟ್ಟಿ ಮಾಡುತ್ತೇವೆ. ಚಟ ಬಿಡುವವನಿಗೂ ಇದೇ ಬೇಕು. ಬಿಟ್ಟವರಲ್ಲಿ ಬಹಳ ಮಂದಿ ಜಾರುವುದು ಮೊದಲ ಒಂದೆರಡು ವಾರಗಳಲ್ಲೇ. ಆಸೆ ಏಳುತ್ತದೆ, ಕೆಲವು ನಿಮಿಷ ಕಾಡುತ್ತದೆ, ಇಳಿಯುತ್ತದೆ. ಆ ನಿಮಿಷಗಳಲ್ಲಿ ಗುರುಗಳು ಪಕ್ಕದಲ್ಲಿರುವುದಿಲ್ಲ, ಹೆಂಡತಿ ಮಕ್ಕಳೂ ಇರುವುದಿಲ್ಲ. ಜೇಬಿನಲ್ಲಿ ಫೋನು ಇರುತ್ತದೆ.

ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ಸುಮಾರು 5,800 ಧೂಮಪಾನಿಗಳಿದ್ದರು. ಅರ್ಧದಷ್ಟು ಜನರಿಗೆ ಮೊದಲ ಐದು ವಾರ ದಿನಕ್ಕೆ ಐದು ಸಂದೇಶ, ಮುಂದಿನ 26 ವಾರ ವಾರಕ್ಕೆ ಮೂರು. ಆಸೆ ತಡೆಯಲಾಗದಿದ್ದರೆ ‘ಕ್ರೇವ್’ ಎಂದೂ, ಜಾರಿ ಸೇದಿಬಿಟ್ಟರೆ ‘ಲ್ಯಾಪ್ಸ್’ ಎಂದೂ ಒಂದು ಪದ ಕಳಿಸಿದರೆ ಸಾಕು, ಧೈರ್ಯದ ಮಾತು ಮರಳಿ ಬರುತ್ತಿತ್ತು. ಉಳಿದವರಿಗೆ ಚಟಕ್ಕೆ ಸಂಬಂಧವಿಲ್ಲದ ಸಂದೇಶಗಳು. ಆರು ತಿಂಗಳ ನಂತರ ಜೊಲ್ಲಿನ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡಾಗ, ಮೊದಲ ಗುಂಪಿನಲ್ಲಿ ಬಿಟ್ಟವರು ಶೇ. 10.7, ಎರಡನೆಯದರಲ್ಲಿ ಶೇ. 4.9.

ನೂರಕ್ಕೆ ಹತ್ತೇ ಜನ ಎನ್ನಬಹುದು. ಹೌದು, ಫೋನು ಪವಾಡ ಮಾಡುವುದಿಲ್ಲ. ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಬಿಟ್ಟವರ ಸಂಖ್ಯೆ ಇಮ್ಮಡಿಯಾಯಿತು. 2016-17ರ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಶೇ. 28.6 ಜನ ತಂಬಾಕು ಬಳಸುತ್ತಾರೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಈ ಹೆಚ್ಚಳ ಎಷ್ಟು ಮನೆಗಳ ದೀಪ, ಲೆಕ್ಕ ಹಾಕಿ. ಆ ‘ಲ್ಯಾಪ್ಸ್’ ಎಂಬ ಪದವನ್ನೂ ಗಮನಿಸಿ. ಜಾರುವವರಿದ್ದಾರೆಂದು ಮೊದಲೇ ತಿಳಿದು, ಅವರಿಗೂ ಒಂದು ಬಾಗಿಲು ಇಟ್ಟಿದ್ದಾರೆ. ನಮ್ಮ ಮೇಸ್ತ್ರಿಗೆ ಇಲ್ಲದೆ ಹೋದದ್ದು ಆ ಬಾಗಿಲು.

ನಮ್ಮಲ್ಲೂ ಸೌಲಭ್ಯವಿದೆ. ಬೀಡಿ, ಸಿಗರೇಟು, ಗುಟಕಾ ಪೊಟ್ಟಣದ ಮೇಲೆ 2018ರಿಂದ 1800-11-2356 ಎಂಬ ಸಂಖ್ಯೆ ಮುದ್ರಿತವಾಗುತ್ತಿದೆ. ಅದು ರಾಷ್ಟ್ರೀಯ ಸಹಾಯವಾಣಿ, ಕರೆಗೆ ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಸ್ಮಾರ್ಟ್‌ಫೋನೂ ಬೇಕಿಲ್ಲ, ಹಳೆಯ ಗುಂಡಿ ಫೋನು ಸಾಕು.

ನನ್ನ ಬಿನ್ನಹ ಮೂರು. ಒಂದು, ಜೋಳಿಗೆಯ ಪಕ್ಕದಲ್ಲಿ ಇಬ್ಬರು ಯುವಕರು ಕೂರಲಿ. ಚಟ ಹಾಕಿದವರು ಮನೆಗೆ ಹೋಗುವ ಮೊದಲೇ ಆ ಸಂಖ್ಯೆಗೆ ಕರೆ ಮಾಡಿಸಲಿ. ಎರಡು, ಅವರು ಒಪ್ಪಿದರೆ ಸಂಖ್ಯೆ ಬರೆದುಕೊಂಡು, ಆರು ವಾರ ದಿನವೂ ಇಷ್ಟಲಿಂಗ ಪೂಜೆಯ ಹೊತ್ತಿಗೆ ಒಂದು ಸಂದೇಶ ಕಳಿಸಲಿ, ವಾರಕ್ಕೊಮ್ಮೆ ಮಾತಾಡಿಸಲಿ. ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಅಲ್ಲ, ಇದೂ ದಾಸೋಹವೇ. ಮೂರು, ಆ ಪಟ್ಟಿ ಯಾರ ಕೈಗೂ ಸಿಗಬಾರದು, ವಾಟ್ಸಾಪ್ ಗುಂಪಿನಲ್ಲಿ ಹೆಸರು ಬರಬಾರದು. ಜಾರಿದವನ ಹೆಸರಂತೂ ವೇದಿಕೆಯ ಮೇಲೆ ಎಂದೂ ಬರಬಾರದು.

ಜಾರಿದವನು ಎರಡನೆಯ ಸಲ, ಮೂರನೆಯ ಸಲ ಬಂದರೂ ಜೋಳಿಗೆ ಹಿಡಿಯುವ ಮಠ ನಮ್ಮದಾಗಲಿ. ಅವನು ನಾಚಿ ಬರದಿದ್ದರೆ, ನಾವೇ ಅವನಿಗೆ ಫೋನು ಮಾಡಿ ಕರೆಯೋಣ.