ದುಂಬಿಯೂ ದುಂಬಿಯಂತೆ ತೋರುವ ಪತಂಗವೂ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಕೃಷ್ಣೆಯೂ ವಾರಣೆಯೂ ಕೂಡುವ ಈ ಹರಿಪುರದ ಪರಿಸರದಲ್ಲಿ ಬದನೆ ಬೆಳೆಯುವವರಿಗೆ ಕಪ್ಪು ದುಂಬಿ ಅಪರಿಚಿತವಲ್ಲ. ಮರಾಠಿ ನೆರೆಯವರು ಅದನ್ನೇ ಭುಂಗಾ ಎನ್ನುತ್ತಾರೆ. ಇಂಗ್ಲಿಷ್ ಪಾಠಗಳಲ್ಲಿ ಬರುವ ಬಂಬಲ್‌ಬೀ ತಂಪು ನಾಡಿನ ಜೀವಿ. ಭಾರತದಲ್ಲಿ ಅದರ ಮುಖ್ಯ ನೆಲೆ ಹಿಮಾಲಯ. ನಮ್ಮ ದುಂಬಿ ಒಣಮರವನ್ನೂ ಬಿದಿರನ್ನೂ ಕೊರೆದು ಗೂಡು ಮಾಡುವಂಥದು. ಅದು ಮರವನ್ನು ತಿನ್ನುವುದಿಲ್ಲ. ಅಲ್ಲಿ ಮರಿಗಳಿಗೆ ಪರಾಗದ ಬುತ್ತಿ ಕಟ್ಟಿಡುತ್ತದೆ.

ಇದನ್ನೇ ಹೋಲುವ ಒಂದು ಪತಂಗವಿದೆ. ವಿಜ್ಞಾನಿಗಳು ಅದನ್ನು ಸೆಫನೋಡಿಸ್ ಹೈಲಾಸ್ ಎನ್ನುತ್ತಾರೆ. 1771ರಲ್ಲಿ ಲಿನೀಯಸ್ ಅದನ್ನು ವರ್ಣಿಸಿದನು. ಹಗಲಿನಲ್ಲೇ ಹಾರುವುದು, ಗುಂಯ್‌ಗುಡುವುದು, ಗಾಜಿನಂತಹ ರೆಕ್ಕೆ. ಎಲ್ಲವೂ ದುಂಬಿಯ ವೇಷವೇ. ಕೋಶದಿಂದ ಹೊರಬಂದಾಗ ರೆಕ್ಕೆಯ ಮೇಲಿರುವ ಹುಡಿ ಮೊದಲ ಹಾರಾಟದಲ್ಲೇ ಉದುರಿಹೋಗುತ್ತದೆ. ಹೆಣ್ಣು ದುಂಬಿಗೆ ಕೊಂಡಿಯುಂಟು, ಪತಂಗಕ್ಕೆ ಇಲ್ಲ. ಆದರೂ ಆ ವೇಷವೇ ಅದಕ್ಕೆ ರಕ್ಷೆ.

ರೂಪ ಒಂದಾದರೂ ಕಾಯಕ ಬೇರೆ. ಪತಂಗವು ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು, ಸುರುಳಿಯಂತಹ ನೀಳ ನಾಲಿಗೆಯನ್ನು ಬಿಚ್ಚಿ ಮಕರಂದ ಹೀರುತ್ತದೆ. ಬದನೆಯ ಹೂವಿನಲ್ಲಿ ಮಕರಂದವಿಲ್ಲ. ಅಲ್ಲಿ ಅದಕ್ಕೆ ಕೆಲಸವಿಲ್ಲ. ದುಂಬಿಯಾದರೋ ಆ ಹೂವನ್ನು ಅಪ್ಪಿ ಹಿಡಿದು, ಹಾರುವ ಸ್ನಾಯುಗಳನ್ನು ಕಂಪಿಸುತ್ತದೆ. ಆಗ ಪರಾಗಕೋಶದ ತುದಿಯ ಸಣ್ಣ ರಂಧ್ರಗಳಿಂದ ಪರಾಗ ಸುರಿಯುತ್ತದೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಜೇನ್ನೊಣಕ್ಕೆ ಈ ವಿದ್ಯೆ ಬಾರದು.

ಇಲ್ಲಿಯೇ ರೈತನ ಲಾಭನಷ್ಟ ಅಡಗಿದೆ. ಬದನೆಯ ಕಾಯಿಕೊರಕವೂ ಪತಂಗವೊಂದರ ಮರಿಯೇ. ಅದನ್ನು ಕೊಲ್ಲಲೆಂದು ಹೂವರಳಿದ ಬೆಳಗಿನಲ್ಲಿ ವಿಷ ಸಿಂಪಡಿಸಿದರೆ, ಒಳಗೆ ಕೊರೆದು ಕುಳಿತ ಹುಳು ಉಳಿಯಬಹುದು. ಹೂವಿಗೆ ಬಂದ ದುಂಬಿ ಸಾಯುತ್ತದೆ. ಹುಳು ಹತ್ತಿದ ಕುಡಿಯನ್ನೂ ಕಾಯನ್ನೂ ಕಿತ್ತು ನಾಶಮಾಡುವುದು, ಅನಿವಾರ್ಯವಾದಲ್ಲಿ ಮಾತ್ರ ಸಂಜೆ ಸಿಂಪಡಿಸುವುದು ವಿವೇಕ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಹಿತ್ತಲಿನ ಒಂದು ಒಣಕೊಂಬೆಯನ್ನೋ ಬಿದಿರಿನ ತುಂಡನ್ನೋ ದುಂಬಿಗಾಗಿ ಬಿಡಿರಿ. ಮರಾಠಿಯಲ್ಲಿ ಅನಂತ ಎನ್ನುವ ಗಾರ್ಡೇನಿಯದ ಎಲೆ ಮೇಯುವ, ಬಾಲದ ಬಳಿ ಕೊಂಬುಳ್ಳ ಹುಳುವನ್ನು ಕಂಡರೆ ತುಳಿಯದೆ ಮಕ್ಕಳಿಗೆ ತೋರಿಸಿರಿ. ಒಂದೇ ಬಗೆಯಾಗಿ ಕಾಣುವುದರಲ್ಲಿ ಭೇದವನ್ನು ಗುರುತಿಸಿ, ಅದನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಮಗುವೇ ನಿಜವಾಗಿ ವಿಜ್ಞಾನ ಕಲಿತ ಮಗು. ಕನ್ನಡ ಶಾಲೆ ನೂರು ವರ್ಷ ಮಾಡಿದ ಕೆಲಸವೂ ಅದೇ, ಮುಂದೆ ಮಾಡಬೇಕಾದುದೂ ಅದೇ.