ಹೂಳಿನಡಿಯ ಒರತೆ
(ಜುಮಾ ಖುತ್ಬಾದ ಸಾರಾಂಶ, ಬೀದರ)



ನಮ್ಮ ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಸುರಂಗ ಬಾವಿ ಎನ್ನುತ್ತೇವೆ. 15ನೇ ಶತಮಾನದಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು, ನೆಲದೊಳಗಿನ ಒರತೆಯನ್ನು ಹರಿಸಿದ ಕಾಲುವೆ ಅದು. ಅದರ ಬಾವಿಗಳಲ್ಲಿ ಕಸ, ಮಣ್ಣು ತುಂಬಿ, ಎಷ್ಟೋ ವರ್ಷ ನಾವು ಅದನ್ನು ಮರೆತಿದ್ದೆವು. ಹೂಳೆತ್ತಿದಾಗ ನೀರು ಕಂಡಿತು. ಆ ನೀರನ್ನು ಯಾರೂ ಹೊರಗಿನಿಂದ ತಂದು ಸುರಿದಿರಲಿಲ್ಲ.

ನಮ್ಮ ಹೃದಯವೂ ಹಾಗೆಯೇ. ಅಲ್ಲಾಹನು ಅದರೊಳಗೆ ಇಟ್ಟ ನೆಮ್ಮದಿಯನ್ನು ನಾವು ಹೊರಗೆ ಹುಡುಕುತ್ತೇವೆ. ನೆರೆಮನೆಯ ಮದುವೆಗಿಂತ ನಮ್ಮದು ದೊಡ್ಡದಾಗಲೆಂದು ಸಾಲ ಮಾಡುತ್ತೇವೆ. ದಾವತ್ ಒಂದು ದಿನ, ಕಂತು ವರ್ಷಗಟ್ಟಲೆ.

ಇಮಾಮ್ ಗಝ್ಝಾಲಿ(ರ) 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಉನ್ನತ ಹುದ್ದೆ ತೊರೆದರು. ತಮ್ಮ ಬೋಧನೆಯಲ್ಲಿ ಕೀರ್ತಿಯ ಆಸೆ ಬೆರೆತಿದೆ ಎಂದು ಅವರಿಗೆ ಅರಿವಾಗಿತ್ತು. ಮುಂದೆ ಅವರು ಬರೆದ 'ಕೀಮಿಯಾ-ಎ-ಸಆದತ್', ಅಂದರೆ ಸೌಭಾಗ್ಯದ ರಸವಿದ್ಯೆ, ತನ್ನನ್ನು ತಾನು ಅರಿಯುವ ಪಾಠದಿಂದಲೇ ಆರಂಭವಾಗುತ್ತದೆ. ಅಂಥ ವಿದ್ವಾಂಸರೇ ತಮ್ಮನ್ನು ಪರೀಕ್ಷಿಸಿಕೊಂಡಿರುವಾಗ ನಾವೆಷ್ಟರವರು?

ಇಂದು ಇಶಾ ನಮಾಝಿನ ನಂತರ ಫೋನು ಬದಿಗಿಟ್ಟು ಐದು ನಿಮಿಷ ಕುಳಿತುಕೊಳ್ಳೋಣ. ಯಾರ ಏಳಿಗೆ ಕಂಡು ಹೊಟ್ಟೆ ಉರಿಯಿತು? ಯಾರ ಕೂಲಿ ಬಾಕಿ ಇದೆ? ಅಕ್ಕತಂಗಿಯರಿಗೆ ಸೇರಬೇಕಾದ ಜಮೀನಿನ ಪಾಲು ಇನ್ನೂ ನಮ್ಮ ಹೆಸರಿನಲ್ಲೇ ಇದೆಯೇ? ಹೂಳೆಂದರೆ ಇದೇ. ಬರೀ ಕಣ್ಣೀರಿನಿಂದ ಅದು ಹೋಗದು. ಹಕ್ಕುಳ್ಳವರಿಗೆ ಹಕ್ಕು ತಲುಪಿಸಿ ತೌಬಾ ಮಾಡೋಣ. ಆಗ ಒಳಗಿನ ಒರತೆ ತಾನಾಗಿಯೇ ಹರಿಯುತ್ತದೆ.

ಅಲ್ಲಾಹನು ನಮ್ಮನ್ನು ನಮಗೆ ಅರ್ಥಮಾಡಿಸಲಿ, ನಮ್ಮ ಹೃದಯಗಳನ್ನು ಶುದ್ಧಗೊಳಿಸಲಿ. ಆಮೀನ್.