ಸವೆದ ಕಲ್ಲು

ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಕಮರಿಯನ್ನು ಕೊರೆದು, ರಾಮದುರ್ಗವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಕಲ್ಲನ್ನು ಕಲ್ಲಿಗುಜ್ಜಿ ನುಣುಪಾಗಿಸುವಳು; ನಮ್ಮ ಬೈಲಹೊಂಗಲ ಸೀಮೆಯ ಹಿಟ್ಟಿನ ಗಿರಣಿಯವನಿಗಾದರೋ ಆ ನುಣುಪೇ ಶತ್ರು. ಒಂದು ಕಲ್ಲು ನಿಶ್ಚಲವಾಗಿರಲು ಇನ್ನೊಂದು ಅದರೆದುರು ತಿರುಗಿ, ನಡುವೆ ಜೋಳವು ನುರಿಯುತ್ತ ನುರಿಯುತ್ತ ಕಲ್ಲಿನ ಕಚ್ಚುಗಳು ಕ್ರಮೇಣ ಸವೆದು, ಹಿಟ್ಟು ತರಿತರಿಯಾಗಿ, ಅತಿಯಾಗಿ ಬಿಸಿಯೇರಿದಾಗ, ಆತನು ಗಿರಣಿಯನ್ನು ನಿಲ್ಲಿಸಿ, ಉಳಿ ಹಿಡಿದು ಅವನ್ನು ಮರಳಿ ಕೆತ್ತಲು ಕುಳಿತುಕೊಳ್ಳುವನು. ಆ ಟಕಟಕ ಸದ್ದು ಕೇಳಿದ ದಿನ ರೊಟ್ಟಿ ತಡವೆಂದೇ ಅರ್ಥ!

ಕೆತ್ತಿ ಕೆತ್ತಿ ತೆಳುವಾದ ಕಲ್ಲನ್ನು ಕಡೆಗೊಮ್ಮೆ ಬದಲಿಸಲೇಬೇಕು. ಆದರೆ ಹೊಸ ಕಲ್ಲು ಬಂದ ಮಾತ್ರಕ್ಕೆ ಹಳೆಯ ಗಿರಣಿಯ ಸಕಲ ಅಂಗಗಳೂ ತ್ಯಾಜ್ಯವಾಗವು. ಗಾಲಿ, ಕಾಳು ಸುರಿಯುವ ತಗಡಿನ ಡಬ್ಬಿ, ಕಬ್ಬಿಣದ ಚೌಕಟ್ಟು, ಇವು ಗಟ್ಟಿಯಿದ್ದರೆ ಹೊಸ ಕಲ್ಲಿನ ಸೇವೆಗೂ ಸಲ್ಲುವುವು. ಸವೆದ ಬೇರಿಂಗನ್ನು ಮಾತ್ರ ಉಳಿಸಿಕೊಳ್ಳುವುದು ಮಿತವ್ಯಯವಲ್ಲ, ಶುದ್ಧ ಲೋಭ. ನಡುವೆ ತೂತುಳ್ಳ ಆ ಹಳೆಯ ದುಂಡುಗಲ್ಲಾದರೋ ಹಿತ್ತಿಲಲ್ಲಿ ಬಟ್ಟೆ ಒಗೆಯಲೋ, ಬಾಗಿಲ ಮುಂದೆ ಮೆಟ್ಟಿಲಾಗಲೋ ಒದಗುವುದು. ನಮ್ಮ ಮನೆಯಂಗಳದಲ್ಲಿರುವುದೂ ಅಂಥದೊಂದು ಕಲ್ಲೇ. ಅದರ ತೂತಿನಲ್ಲಿ ಈಗ ತುಳಸಿಯ ಗಿಡವೊಂದು ಬೆಳೆದಿದೆ.